ಮೇಷ್ಟ್ರು ನಿಧಾನರಾದರು

ಕಣ್ಣೊರೆಸಿಕೊಳ್ಳುತ್ತಲೇ ಮಗಳು ಫೋನಿನ ಗುಂಡಿ ಒತ್ತಿದಳು. ಸಂದೇಶ ಹೋಯಿತು. ಆಮೇಲೆ ಓದಿ ನೋಡಿದಳು. 'ನಮ್ಮ ತಂದೆಯವರು ಇಂದು ಬೆಳಗ್ಗೆ ನಿಧಾನರಾದರು' ಎಂದಿತ್ತು. ಅವಳು ಬರೆದದ್ದು ನಿಧನ. ಫೋನು ತನ್ನ ಬುದ್ಧಿ ಉಪಯೋಗಿಸಿತ್ತು. ಅಳಿಸೋಣವೆಂದರೆ ಅಷ್ಟರಲ್ಲಿ ಚಿಕ್ಕಪ್ಪ ಅದನ್ನು ನೆಂಟರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಎಲ್ಲರಿಗೂ ಹಂಚಿಯಾಗಿತ್ತು.

ಜೀವಮಾನವಿಡೀ ಕಾಲೇಜಿನಲ್ಲಿ ಭಾಷೆ ಕಲಿಸಿದ ಅಪ್ಪ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

ಮೊದಲು ಸೋದರತ್ತೆಯ ಫೋನು ಬಂತು. ವಯಸ್ಸಾದ ಮೇಲೆ ಎಲ್ಲರೂ ನಿಧಾನವೇ, ಅದನ್ನೆಲ್ಲ ಊರಿಗೆ ಸಾರಬೇಕೇ ಎಂದು ಗದರಿದರು. ಎದುರುಮನೆಯಾತ ಸೇಬು ಹಿಡಿದುಕೊಂಡು ಬಂದು, ಬಾಗಿಲಲ್ಲೇ ಕಲ್ಲಾಗಿ ನಿಂತ. ಅಮ್ಮ ಅಳುವುದೋ ನಗುವುದೋ ತಿಳಿಯದೆ ಸೆರಗು ಬಾಯಿಗೊತ್ತಿಕೊಂಡಳು.

"ಇದನ್ನ ಓದಿದ್ರೆ ಎದ್ದು ಕೂರ್ತಿದ್ರು ಕಣೇ," ಎಂದಳು.

*

ನಿವೃತ್ತಿಯ ತನಕ ಫೋನನ್ನು 'ಹಾಳು ಡಬ್ಬಿ' ಎನ್ನುತ್ತಿದ್ದ ಅಪ್ಪನಿಗೆ, ಆಮೇಲೆ ಅದರೊಳಗೆ ಯಾರೂ ತಿದ್ದದೆ ಬಿಟ್ಟ ಉತ್ತರಪತ್ರಿಕೆಗಳ ದೊಡ್ಡ ಕಟ್ಟೇ ಇರುವುದು ಕಂಡಿತು. ಹುಟ್ಟುಹಬ್ಬದ ಹಾರೈಕೆ, ಮದುವೆಯ ಕರೆಯೋಲೆ, ನೀರು ನಿಲ್ಲಿಸುವ ಸೂಚನೆ, ಒಂದನ್ನೂ ಬಿಡಲಿಲ್ಲ. ಬೀದಿಯ ವಾಟ್ಸಾಪ್ ಗುಂಪಿನವರು ಬೇಸತ್ತು ಅವರನ್ನು ಹೊರಗೆ ಹಾಕಿದರು.

ಮನೆಪಾಠಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ಕೃತಕ ಬುದ್ಧಿಯ ಯಂತ್ರದಿಂದ ಪ್ರಬಂಧ ಬರೆಸಿ ತಂದಳು. ಅಪ್ಪ ಪೂರ್ತಿ ಓದಿ, ಕನ್ನಡಕ ತೆಗೆದಿಟ್ಟರು.

"ಒಂದು ತಪ್ಪೂ ಇಲ್ಲ. ಓದಿದ್ದೂ ನೆನಪಿಲ್ಲ," ಎಂದರು. "ನೀನೇ ಬರಿಯಮ್ಮ. ನಿನ್ನ ತಪ್ಪಾದ್ರೂ ನಿನ್ನದಾಗಿರುತ್ತೆ. ನಾನು ಮತ್ತೆ ಯಾರನ್ನ ತಿದ್ದಲಿ?"

ಆ ಮಾತು ಮಗಳ ಕಿವಿಗೂ ಬಿದ್ದಿತ್ತು, ನಾಟಿರಲಿಲ್ಲ. ಅದಕ್ಕೂ ಮೊದಲೇ ಅವಳು ಮುನಿದುಕೊಂಡಿದ್ದಳು. ಕೆಲಸಕ್ಕೆಂದು ಬೇರೆ ಊರಿಗೆ ಹೋದ ಹೊಸತರಲ್ಲಿ, ಬಿಕ್ಕುತ್ತಾ, 'ಅಪ್ಪ, ನಿಮ್ಮ ನೆನೆಪು ತುಂಬಾ ಆಗ್ತಿದೆ' ಎಂದು ಬರೆದಿದ್ದಳು. 'ನೆನಪು' ಎಂದಷ್ಟೇ ಉತ್ತರ ಬಂದಿತ್ತು. ಅಂದಿನಿಂದ ಅವಳು ಅಕ್ಷರ ಬರೆಯುವುದನ್ನೇ ಬಿಟ್ಟಳು. ಹೆಬ್ಬೆರಳು, ಹೂವು, ಜೋಡಿಸಿದ ಕೈ ಇಂಥ ಚಿತ್ರಗಳನ್ನೇ ಕಳಿಸುತ್ತಿದ್ದಳು. ನಿನ್ನ ಮಗಳು ಗುಹೆಯ ಕಾಲಕ್ಕೆ ಹೋಗಿದ್ದಾಳೆ ಎಂದು ಅಪ್ಪ ಅಮ್ಮನ ಬಳಿ ದೂರುತ್ತಿದ್ದರಂತೆ. ಆದರೂ ಒಂದೊಂದು ಹೂವನ್ನೂ ಬಹಳ ಹೊತ್ತು ನೋಡುತ್ತಿದ್ದರಂತೆ.

ಅಪ್ಪನ ವಿಷಯದಲ್ಲಿ ಆಮೇಲೆ ಅವಳು ಬರೆದ ಮೊದಲ ವಾಕ್ಯ ಇವತ್ತಿನದು.

*

ಬಿಸಿಲೇರುವ ಹೊತ್ತಿಗೆ ಬೀದಿ ತುಂಬ ಹಳೆಯ ವಿದ್ಯಾರ್ಥಿಗಳು. ಮಗಳು ನಾಚಿಕೆಯಿಂದ ಮುದುಡಿ, ಅಂಥ ಸಂದೇಶ ಓದಿಯೂ ನಿಮಗೆ ಅರ್ಥವಾಯಿತೇ ಎಂದು ಪ್ರಬಂಧದ ಹುಡುಗಿಯನ್ನು ಕೇಳಿದಳು.

"ಮೊದಲು ನಗು ಬಂತು ಅಕ್ಕ," ಎಂದಳು ಹುಡುಗಿ. "ಮೇಷ್ಟ್ರು ಈಗ ತಿದ್ತಾರೆ, ಈಗ ತಿದ್ತಾರೆ ಅಂತ ಎಲ್ಲರೂ ಫೋನ್ ಹಿಡ್ಕೊಂಡು ಕೂತ್ವಿ. ತಿದ್ಲೇ ಇಲ್ಲ. ಆಗ ಗೊತ್ತಾಯ್ತು."

ಮಗಳು ಅವಳ ಹೆಗಲಿಗೆ ಮುಖ ಹಚ್ಚಿ, ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತಳು.

ಅಪ್ಪನನ್ನು ಗಾಡಿಗೆ ಏರಿಸಿ, ಕಾಲೇಜಿನಿಂದ ಬಂದ ಹೂಚಕ್ರವನ್ನು ಎದೆಯ ಮೇಲಿಟ್ಟರು. ಅದರ ಬಿಳಿ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ 'ಶ್ರದ್ದಾಂಜಲಿ' ಎಂದಿತ್ತು. ಒತ್ತಕ್ಷರದ ಹೊಟ್ಟೆ ಸೀಳಿರಲಿಲ್ಲ. ಅದನ್ನು ತಂದ ಪ್ರಾಂಶುಪಾಲರು ಆಕಾಶ ನೋಡತೊಡಗಿದರು.

"ಹೀಗೇ ಕಳಿಸಿದ್ರೆ ದಾರೀಲೇ ಇಳ್ಕೊಂಡ್ಬಿಡ್ತಾರೆ," ಎಂದಳು ಅಮ್ಮ.

ಎಲ್ಲರೂ ಜೇಬಿಗೆ ಕೈಹಾಕಿದರು. ಹೊರಬಂದದ್ದೆಲ್ಲ ಫೋನುಗಳೇ, ಅಷ್ಟು ಜನ ಭಾಷಾ ವಿದ್ಯಾರ್ಥಿಗಳಲ್ಲಿ ಒಬ್ಬರ ಹತ್ತಿರವೂ ಪೆನ್ನಿರಲಿಲ್ಲ. ಮಗಳು ಚೀಲ ತಡಕಾಡಿ ಕಣ್ಣಿಗೆ ಹಚ್ಚುವ ಕಾಡಿಗೆ ಕಡ್ಡಿ ತೆಗೆದಳು. ಚಾಲಕ ಇಂಜಿನ್ ಆರಿಸಿದ. ಹುಡುಗಿ ಪಟ್ಟಿಯನ್ನು ಎರಡೂ ಕಡೆ ಬಿಗಿಯಾಗಿ ಎಳೆದು ಹಿಡಿದಳು. ಮಗಳು ಅಪ್ಪನ ಪಕ್ಕ ಮಂಡಿಯೂರಿ, ಆ ದ-ಒತ್ತಿನ ಹೊಟ್ಟೆಯನ್ನು ಮೆಲ್ಲಗೆ ಸೀಳಿದಳು.