ಎರಡು ತಗಡು, ಒಂದು ಸದ್ದು

ಬೀಟ್ ಗಡ್ಡೆ ಕೀಳುವ ಕಾಲ. ಗಡ್ಡೆ ತುಂಬಿದ ಗಾಡಿಗಳನ್ನು ಹೊಲದಲ್ಲೇ ಬಿಟ್ಟು, ಗಂಡಸರು ಬೂಟಿನ ಕೆಸರು ಕೆರೆದುಕೊಂಡು ಫೆನ್ನಾಳ ಅಂಗಳಕ್ಕೆ ಬರುತ್ತಿದ್ದರು. ಅಡುಗೆಮನೆಯಲ್ಲಿ ಪಕ್ಕದ ಮನೆಯ ಹರ್ಮೀನಾ ಅಂಗಿಯ ತೋಳು ಮಡಚಿ ಮತ್ತೊಂದು ಮುದ್ದೆ ಹಿಟ್ಟು ನಾದುತ್ತಿದ್ದಳು. ಅರವತ್ತು ಜನಕ್ಕೆಂದು ನಿನ್ನೆಯೇ ಬೇಯಿಸಿಟ್ಟಿದ್ದ ಒಣದ್ರಾಕ್ಷಿ ಬ್ರೆಡ್ಡು ಇನ್ನು ಸಾಲದು. ಈಜು ಸಂಘದವರು ಹೇಳದೆ ಕೇಳದೆ ಆರು ಕಾರುಗಳಲ್ಲಿ ಬಂದಿಳಿದಿದ್ದರು.

"ಫೆನ್ನಾ ಬದುಕಿದ್ದಾಗ ಒಂದು ಸೈಕಲ್ಲೂ ಈ ಕಡೆ ಬರ್ಲಿಲ್ಲ," ಎಂದು ಅವಳು ಹಿಟ್ಟಿಗೆ ಒಂದು ಗುದ್ದು ಕೊಟ್ಟಳು.

ಗಂಡ ಬೇರೆಂಡ್ ಒಲೆಗೆ ಸೌದೆ ಒಟ್ಟುತ್ತಿದ್ದ. "ಮಣ್ಣಿಗೆ ಬಂದೋರಿಗೆ ಕಾಫಿ ಕೊಡೋದು ನೆರೆಯೋರ ಧರ್ಮ ಕಣೆ. ತಲೆ ಎಣಿಸ್ಬೇಡ."

"ಧರ್ಮ ನಂಗೆ ಹೇಳ್ಕೊಡ್ಬೇಡ. ಮೈ ತೊಳೆದೋಳು ನಾನು."

ಟ್ವೆಂಟೆ ಸೀಮೆಯಲ್ಲಿ ಸಾವಾದ ಮನೆಯವರು ಕಡ್ಡಿ ಎತ್ತಿಡುವಂತಿಲ್ಲ. ತೊಳೆಯುವುದು, ಉಡಿಸುವುದು, ಹೊರುವುದು ಎಲ್ಲವೂ ನೆರೆಯವರದೇ. ಮೊನ್ನೆ ಹರ್ಮೀನಾ ಆ ಮೈ ತೊಳೆದಿದ್ದಳು. ಅರವತ್ತೆರಡಾದರೂ ಭುಜಗಳು ನೊಗದಂತಿದ್ದವು. ಎರಡೂ ಅಂಗೈಗಳನ್ನು ಎದೆಯ ಮೇಲೆ ಅಕ್ಕಪಕ್ಕ ಜೋಡಿಸಿಟ್ಟಿದ್ದಳು.

ಹೊರಗೆ ಯಾರೋ ನಕ್ಕರು. "ನಲವತ್ತು ವರ್ಷ ಹಾಲಿನ ಡಿಪೋದಲ್ಲಿ ಕೇಳ್ತಿದ್ವಲ್ಲಪ್ಪ, 'ಒಂಟಿಕೈ ಫೆನ್ನಾ, ಇವತ್ತು ಎರಡೂ ಕೈಯಲ್ಲಿ ಕರೆದ್ಯೇನೇ?' ಅಂತ. ಪಾಪ, ಒಂದಿನಾನೂ ತಿರುಗಿ ಬೈಲಿಲ್ಲ."

ಹರ್ಮೀನಾಳ ಬೆರಳುಗಳು ಹಿಟ್ಟಿನೊಳಗೇ ನಿಂತವು.

*

ಹರ್ಮೀನಾ, ಫೆನ್ನಾ ಇಬ್ಬರಿಗೂ ಈಜು ಕಲಿಸಿದವನು ಕಾಲುವೆಯ ತೂಬು ಕಾಯುತ್ತಿದ್ದ ಮುದುಕ ಗೇರಿಟ್. ಉದ್ದ ಗಳುವಿನ ತುದಿಗೆ ಹಗ್ಗ ಕಟ್ಟಿ, ಹುಡುಗಿಯರ ಸೊಂಟಕ್ಕೆ ಪಟ್ಟಿ ಬಿಗಿದು, ಗಾಳಕ್ಕೆ ಬಿದ್ದ ಮೀನಿನಂತೆ ನೀರಿಗಿಳಿಸುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಕಪ್ಪೆಯೀಜು ಒಂದೇ. ಎದೆ ನೀರಿಗಾನಿಸಿ, ಎರಡೂ ಕೈ ಒಟ್ಟಿಗೆ ಚಾಚಿ, ಎರಡೂ ಕಾಲು ಒಟ್ಟಿಗೆ ಒದೆಯಬೇಕು. ತಿರುಗುವ ಕಡೆಯೂ ಎರಡು ಅಂಗೈ ಒಟ್ಟಿಗೇ ತಾಗಬೇಕು. ಅದಕ್ಕೆಂದು ತೂಬಿನ ತೊಲೆಗೆ ಎರಡು ತಗಡು ಹೊಡೆದಿದ್ದ. 'ಟಣ್, ಟಣ್' ಎಂದರೆ ಮತ್ತೊಂದು ಸುತ್ತು. 'ಟಣ್' ಎಂದು ಒಂದೇ ಸದ್ದಾದರೆ ಮನೆಗೆ.

ಹರ್ಮೀನಾ ಕತ್ತಲಾಗುವವರೆಗೆ ಸುತ್ತು ಹೊಡೆದದ್ದುಂಟು. ಫೆನ್ನಾಳ ತಗಡು ಎರಡು ಸದ್ದು ಮಾಡಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

೧೯೨೭ರ ಬೇಸಿಗೆಯಲ್ಲಿ ಬ್ರಸೆಲ್ಸ್‌ನಲ್ಲಿ ನಾಲ್ಕು ದೇಶಗಳ ಪಂದ್ಯ ನಡೆಯಿತು. ಹೆಣ್ಣುಮಕ್ಕಳಿಗೆ ಕಪ್ಪೆಯೀಜಿನ ಸ್ಪರ್ಧೆ ಇಟ್ಟದ್ದು ಅಲ್ಲಿ ಅದೇ ಮೊದಲು. ಹಳ್ಳಿಯ ಇಬ್ಬರೂ ಆಯ್ಕೆಯಾಗಿದ್ದರು. ನೀರಿಗಿಳಿಯುವ ಮುಂಚೆ ಗಂಡಸರು ಅಳತೆಪಟ್ಟಿ ಹಿಡಿದು, ಉಡುಪಿನಾಚೆ ಬೆನ್ನು ಎಷ್ಟು ಬೆರಳು ಕಾಣುತ್ತದೆಂದು ಅಳೆದರು. ತನ್ನ ಸರದಿ ಮುಗಿಸಿದ ಹರ್ಮೀನಾ ಫೆನ್ನಾಳ ನಿಲುವಂಗಿ ಹಿಡಿದು ತಿರುವಿನ ಗೋಡೆಯ ಬಳಿ ನಿಂತಿದ್ದಳು. ಫೆನ್ನಾ ಎಲ್ಲರಿಗಿಂತ ಎರಡು ಮೈಯುದ್ದದಷ್ಟು ಮುಂದಿದ್ದಳು. ಅವಳ ಎರಡು ಅಂಗೈ ಒಟ್ಟಿಗೇ ಗೋಡೆಗೆ ತಾಗಿದವು. ತೀರ್ಪುಗಾರ ಆಗ ಬೆನ್ನು ತಿರುಗಿಸಿ, ಮುಂದಿನ ಸರದಿಯ ಹುಡುಗಿಯ ಭುಜಪಟ್ಟಿಯ ಅಗಲ ನೋಡುತ್ತಿದ್ದ. ತಿರುಗಿದವನು ಒಂದು ಬೆರಳೆತ್ತಿದ. ಒಂದೇ ಕೈ. ಫೆನ್ನಾ ಹೊರಗೆ.

"ಎರಡೂ ತಾಗ್ತು, ನಾನು ನೋಡ್ದೆ," ಎಂದು ಹರ್ಮೀನಾ ತಂಡದ ಮುಖಂಡ ಫಾನ್ ರೋಯನ್‌ಗೆ ಹೇಳಿದಳು.

ಅವನು ದನಿ ತಗ್ಗಿಸಿದ. "ಗಲಾಟೆ ಮಾಡಿದ್ರೆ ಮುಂದಿನ ಸಲ ಹೆಣ್ಮಕ್ಕಳನ್ನೇ ಕರೆಯೋಲ್ಲ. ಅಲ್ಲದೆ, ಕೊನೆ ಸುತ್ತಲ್ಲಿ ಖಾಲಿಯಾದ ಜಾಗಕ್ಕೆ ಮುಂದಿನವಳು ನೀನೇ. ಯೋಚ್ನೆ ಮಾಡು."

ಹರ್ಮೀನಾ ಯೋಚನೆ ಮಾಡಿದಳು. ಕೊನೆಯ ಸುತ್ತಿನಲ್ಲಿ ಈಜಿದಳು. ಎಲ್ಲರಿಗಿಂತ ಹಿಂದೆ ಬಂದಳು.

ವಾಪಸ್ಸಿನ ರೈಲಿನಲ್ಲಿ ಫೆನ್ನಾ ಒಂದೇ ಒಂದು ಸಲ ಕೇಳಿದಳು. "ನೀನು ಅಲ್ಲೇ ನಿಂತಿದ್ಯಲ್ಲ. ಕಂಡಿತ್ತಾ?"

"ಬಿಸಿಲು ಕಣ್ಣಿಗೆ ಹೊಡೀತಿತ್ತು ಕಣೆ."

ಫೆನ್ನಾ ಕಿಟಕಿಯಾಚೆ ನೋಡಿದಳು. ಆ ದಿನ ಮೋಡವಿತ್ತು.

*

ದನದ ಕೊಟ್ಟಿಗೆಗೆ ಹೊಂದಿಕೊಂಡ ಒಕ್ಕುವ ಅಂಗಣದಲ್ಲಿ ಕರಿಬಣ್ಣದ ಶವಪೆಟ್ಟಿಗೆ ಇಟ್ಟಿದ್ದರು. ಸಂಘದ ಅಧ್ಯಕ್ಷ ಅದರ ಮೇಲೆ ದೊಡ್ಡ ಹೂಚಕ್ರವಿಟ್ಟು ಟೋಪಿ ತೆಗೆದ. ಅದೇ ಫಾನ್ ರೋಯನ್. ಈಗ ಕೂದಲೆಲ್ಲ ಬೆಳ್ಳಗೆ, ಕೋಟಿನ ಮೇಲೆ ಪದಕ. ಅವನ ಮಾತು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

"ನಮ್ಮ ಮೊದಲ ಈಜುಗಾತಿಯರಲ್ಲಿ ಒಬ್ಬಳು. ಒಂದು ಸಣ್ಣ ಅಜಾಗರೂಕತೆ, ಒಂದೇ ಒಂದು ಕೈ, ಅವಳ ಪದಕ ಕಿತ್ತುಕೊಂಡಿತು. ಆದರೂ ಸಂಘ ಅವಳನ್ನು ಕ್ಷಮಿಸಿದೆ..."

"ಕ್ಷಮಿಸ್ತಂತೆ!" ಹರ್ಮೀನಾ ಹಿಟ್ಟು ಬಿಟ್ಟು ಎದ್ದಳು.

"ಸುಮ್ನಿರೇ, ಸಾವಿನ ಮನೆ," ಎಂದು ಬೇರೆಂಡ್ ಅಡ್ಡ ಬಂದ.

"ನಲವತ್ತೊಂದು ವರ್ಷ ಸುಮ್ನಿದ್ದೆ. ಸರಿ ಆಚೆಗೆ."

ಅವಳು ಬಂದದ್ದನ್ನು ಕಂಡು ಜನ ದಾರಿ ಬಿಟ್ಟರು. ಫಾನ್ ರೋಯನ್ ಗುರುತು ಹಿಡಿದ. ಅವನ ಮಾತು ಅರ್ಧಕ್ಕೇ ನಿಂತಿತು.

"ಹೇಳಿ ಸಾಹೇಬ್ರೇ. ಆ ಗೋಡೆ ಹತ್ರ ಯಾರು ನಿಂತಿದ್ರು?"

"ಹರ್ಮೀನಾ, ಇದು ಅದಕ್ಕೆ ಜಾಗ ಅಲ್ಲ..."

"ಅವತ್ತೂ ಹಾಗೇ ಅಂದ್ರಿ. ಕೇಳ್ರಪ್ಪಾ ಎಲ್ರೂ. ಎರಡೂ ಕೈ ತಾಗ್ತು. ನಾನು ಕಣ್ಣಾರೆ ಕಂಡೆ. ಇವ್ರಿಗೆ ಹೇಳ್ದೆ, ಇವ್ರು ಮುಚ್ಚು ಅಂದ್ರು. ನಾನು ಮುಚ್ಕೊಂಡೆ, ಯಾಕಂದ್ರೆ ಅವಳ ಜಾಗ ನಂಗೆ ಸಿಕ್ತು. ಅವಳು ಕೇಳಿದಾಗ್ಲೂ ಸುಳ್ಳು ಹೇಳ್ದೆ. ನೀವು ಒಂಟಿಕೈ ಅಂತ ಆಡ್ಕೊಳ್ಳೋವಾಗ ಪಕ್ಕದಲ್ಲೇ ನಿಂತು ನನ್ನ ಹಾಲು ಅಳೀತಿದ್ದೆ."

ಫೆನ್ನಾಳ ಅಣ್ಣ ಲಾಂಬರ್ಟ್ ತಲೆ ಎತ್ತಿ ಕೇಳಿದ, "ಅವಳಿಗೆ ಹೇಳ್ಬಾರ್ದಿತ್ತಾ, ಹರ್ಮೀನಾ?"

ಹರ್ಮೀನಾ ಪೆಟ್ಟಿಗೆಯ ಬಳಿ ಹೋದಳು. ಹೂಚಕ್ರವನ್ನು ಎತ್ತಿ ಫಾನ್ ರೋಯನ್‌ನ ಕೈಗಿಟ್ಟಳು. ಬಾಗಿ, ತೋಳು ಚಾಚಿ, ಮುಚ್ಚಳದ ಮೇಲೆ ಎರಡು ಅಂಗೈ ಬಡಿದಳು. ಒಂದೇ ಸದ್ದಾಯಿತು.

ಹೊರುವ ಎಂಟು ಜನ ಮುಂದೆ ಬಂದರು. ಬೇರೆಂಡ್ ಮೊದಲು ಹೆಗಲು ಕೊಟ್ಟ. ಬೀಟ್ ಹೊಲದ ಕೆಸರುದಾರಿಯಲ್ಲಿ ಪೆಟ್ಟಿಗೆ ಮೆಲ್ಲಗೆ ಸಾಗಿತು. ಕರಿಯ ಮುಚ್ಚಳದ ಮೇಲೆ ಹಿಟ್ಟಿನ ಎರಡು ಬಿಳಿ ಅಂಗೈಗಳು ಅಕ್ಕಪಕ್ಕ, ಕೂದಲೆಳೆಯಷ್ಟೂ ಹಿಂದುಮುಂದಿಲ್ಲದೆ ಮೂಡಿದ್ದವು. ಅವನ್ನು ಒರೆಸಲು ಯಾರೂ ಕೈ ಎತ್ತಲಿಲ್ಲ.