ಚಾಪುಡಿ ಪೂವಪ್ಪನವರ ಕಾಲು

ನನ್ನ ಗಂಡ ಪೂವಪ್ಪನವರನ್ನು ಕೂರಿಸಿ ಮಾತಾಡಿಸದ ಹೋಟೆಲು ಬೊಂಬಾಯಿಯಲ್ಲಿ ಇರಲಿಲ್ಲ. ಸಯನ್‌ನಿಂದ ಬಾಂದ್ರಾ, ಬಾಂದ್ರಾದಿಂದ ಗೋರೆಗಾಂವ್, ನಮ್ಮ ಊರ ಕಡೆಯವರು ಎಲ್ಲೆಲ್ಲಿ ಒಲೆ ಹೂಡಿದ್ದರೋ ಅಲ್ಲೆಲ್ಲ ಇವರ ಚಾಪುಡಿ ಹೋಗುತ್ತಿತ್ತು. ಮಸ್ಜಿದ್ ಬಂದರಿನ ಸಗಟು ಅಂಗಡಿಯಲ್ಲಿ ಪುಡಿ ಕೊಂಡು, ಚೀಲ ಹೆಗಲಿಗೇರಿಸಿ, ಲೋಕಲ್ ಹತ್ತಿ ಇಳಿದು, ನಡೆದು ನಡೆದು ಮಾರುವ ಕಸುಬು. ಕಾಲೇ ಇವರ ಅಂಗಡಿ ಎಂದರೂ ತಪ್ಪಲ್ಲ.

ಈ ಕಸುಬಿಗೆ ಒಂದು ಕಟ್ಟಳೆಯಿತ್ತು. ಪುಡಿ ತಂದವನು ಆ ಪುಡಿಯಲ್ಲೇ ಮಾಡಿದ ಚಾವನ್ನು ಹೋಟೆಲಿನ ಧಣಿಯ ಕಣ್ಣೆದುರು ಕುಡಿಯಬೇಕು. ಅದೂ ಗಿರಾಕಿಗಳಿಗೆ ಕೊಡುವಂಥದ್ದೇ, ಹಾಲು ಕಾದು ಕೆನೆಗಟ್ಟಿದ್ದು, ಸಕ್ಕರೆ ತಳದಲ್ಲಿ ಕೂತಿದ್ದು. ಅರ್ಧ ಲೋಟ ಬಿಟ್ಟು ಎದ್ದರೆ ಮುಗಿಯಿತು. ಮಾರುವವನೇ ಕುಡಿಯದ ಪುಡಿಯಲ್ಲಿ ಏನೋ ಕಲಬೆರಕೆ ಇದೆ ಎಂಬ ಮಾತು ಸಂಜೆಯೊಳಗೆ ದಾದರ್ ದಾಟಿರುತ್ತಿತ್ತು. ಹೀಗಾಗಿ ಇವರು ಹೋದಲ್ಲೆಲ್ಲ ಕುಡಿದರು. ಕುಡಿದ ಮೇಲೆ ಧಣಿ ಒಂದು ಬೀಡಿ ನೀಡುತ್ತಿದ್ದ, ಅದನ್ನೂ ಸೇದಿದರು. ಇದನ್ನು ಚಟ ಎಂದು ಯಾರೂ ಕರೆಯುತ್ತಿರಲಿಲ್ಲ, ವ್ಯಾಪಾರ ಎನ್ನುತ್ತಿದ್ದರು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಇವರು ಮನೆಗೆ ತಡವಾಗಿ ಬರತೊಡಗಿದರು. ಕೇಳಿದರೆ, ಅಲ್ಲಿ ಕೂರಿಸಿದರು, ಇಲ್ಲಿ ಕೂರಿಸಿದರು ಎನ್ನುವ ಉತ್ತರ. ಗಂಡನಿಗೆ ಇಷ್ಟು ಮರ್ಯಾದೆ ಇದೆಯಲ್ಲ ಎಂದು ಮೊದಮೊದಲು ನಾನೂ ಬೀಗಿದೆ. ಆದರೆ ಒಂದು ಭಾನುವಾರ ಇಬ್ಬರೂ ಸಯನ್ ಸ್ಟೇಷನ್ನಿನಿಂದ ಚಾಳಿಗೆ ನಡೆದು ಬರುತ್ತಿದ್ದಾಗ ಇವರು ಸ್ವಲ್ಪ ದೂರಕ್ಕೇ ದೂಜಣ್ಣನ ಹೋಟೆಲಿಗೆ ನುಗ್ಗಿದರು. ಅವತ್ತು ಮಾರಲು ಚೀಲವೇ ಇರಲಿಲ್ಲ. ಚಾ ಕುಡಿದು ಹೊರಟು, ಮುಂದಿನ ತಿರುವಿನಲ್ಲಿ ಇನ್ನೊಂದು ಹೋಟೆಲಿಗೆ ನುಗ್ಗಿದರು. ಅಲ್ಲಿಯೂ ಚಾ. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಎಡಗಾಲಿನ ಮೀನಖಂಡವನ್ನು ಎರಡೂ ಕೈಯಲ್ಲಿ ಹಿಂಡಿಕೊಳ್ಳುತ್ತಿದ್ದರು.

"ಎಂತ ಆಯ್ತು ಕಾಲಿಗೆ?"

"ಎಂತದೂ ಇಲ್ಲ. ಚಪ್ಪಲಿ ಕಚ್ಚಿದ್ದು."

"ಚಪ್ಪಲಿ ಮೀನಖಂಡಕ್ಕೆ ಕಚ್ಚುತ್ತದಾ?"

ಇವರು ಕಾಲು ಬಿಟ್ಟು ಲೋಟ ಹಿಡಿದುಕೊಂಡರು. ಆಗ ನನಗೆ ಎಲ್ಲ ಅರ್ಥವಾಯಿತು. ನಡೆದರೆ ಕಾಲು ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಬೀದಿಯಲ್ಲಿ ಸುಮ್ಮನೆ ನಿಂತರೆ ಜನ ನೋಡುತ್ತಾರೆ ಎಂದು ಈ ಮನುಷ್ಯ ಹೋಟೆಲು ಹೊಗುತ್ತಿದ್ದರು. ಹೊಕ್ಕ ಮೇಲೆ ಚಾ ಕುಡಿಯದೆ ಬರುವ ಹಾಗಿಲ್ಲ. ಮನೆಗೆ ಬಂದು ಬಲವಂತವಾಗಿ ಪಾದ ನೋಡಿದೆ. ಹೆಬ್ಬೆರಳಿನ ತುದಿ ಕಪ್ಪಾಗಿತ್ತು, ಪಾದ ತಣ್ಣಗಿತ್ತು. ಚಪ್ಪಲಿ ನಿಜವಾಗಿಯೂ ಕಚ್ಚಿತ್ತು, ಇವರಿಗೆ ಅದರ ನೋವೇ ಗೊತ್ತಾಗಿರಲಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹೆದರಿಕೆಯನ್ನು ತೋರಿಸದೆ ಸಿಟ್ಟನ್ನು ಮಾತ್ರ ತೋರಿಸಿದೆ.

ಮರುದಿನ ಬೆಳಿಗ್ಗೆಯೇ ಡಾಕ್ಟರ್ ಸೀತಾರಾಮಯ್ಯನವರ ದವಾಖಾನೆಗೆ ಎಳೆದುಕೊಂಡು ಹೋದೆ. ಅವರು ಮೈಸೂರಿನ ಕಡೆಯವರು, ತೆಳ್ಳಗೆ, ಬೋಳುತಲೆ, ಮಾತಿನಲ್ಲಿ ಅನುಮಾನ ಎಂಬುದೇ ಇಲ್ಲದವರು. ಕಾಲು ತೋರಿಸಲು ಹೋದರೆ ಕಾಲಿನ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಕಾಲನ್ನು ಬಿಟ್ಟು ತೋಳಿಗೆ ಪಟ್ಟಿ ಕಟ್ಟಿದರು, ಎದೆಗೆ ಕೊಳವೆ ಹಚ್ಚಿದರು, ಒಂದು ಶೀಶೆ ಕೊಟ್ಟು ಮೂತ್ರ ತರಿಸಿದರು. ಅದನ್ನು ನೀಲಿ ನೀರಿಗೆ ಹಾಕಿ ಕುದಿಸಿದಾಗ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಡಾಕ್ಟ್ರೇ, ನೋಯುವುದು ಕಾಲು," ಎಂದರು ಇವರು, ಸ್ವಲ್ಪ ಗತ್ತಿನಿಂದಲೇ.

"ಗೊತ್ತು ಕಣಪ್ಪ. ನಿಮ್ಮ ಚಾಳಿನ ನಲ್ಲಿಯಲ್ಲಿ ನೀರು ಸಣ್ಣಗೆ ಬಂದ್ರೆ ಏನು ಮಾಡ್ತೀರಿ? ನಲ್ಲೀನ ಬೈತೀರೋ, ಪೈಪು ನೋಡ್ತೀರೋ? ಕಾಲಿಗೆ ಹೋಗೋ ರಕ್ತದ ಪೈಪು ಕಟ್ಟಿಕೊಂಡಿದೆ. ಕಾಲಿನ ಪೈಪು ಕಟ್ಟಿದೆ ಅಂದ್ಮೇಲೆ ಎದೇ ಪೈಪು ಮಾತ್ರ ಹೊಸದಾಗಿರುತ್ತಾ? ನಿಮಗೆ ಸಕ್ಕರೆ ಕಾಯಿಲೆ ಇದೆ. ರಕ್ತದ ಒತ್ತಡ ಇದೆ. ಹೃದಯಕ್ಕೂ ಆಯಾಸ ಆಗಿದೆ. ಎಲ್ಲದರ ಮೇಲೆ ಬೀಡಿ."

ಒಂದು ಬೆರಳಿಗೆಂದು ಹೋದವರಿಗೆ ನಾಲ್ಕು ಕಾಯಿಲೆ ಎಂದರೆ ಯಾರಿಗಾದರೂ ತಲೆ ತಿರುಗಬೇಕು. ಮಂಗಳೂರಿನ ಹಡಗಿನಲ್ಲಿ ಒಬ್ಬ ಬರುತ್ತಾನೆಂದು ಕಾಗದ ಬಂದು, ಬಂದರಿನಲ್ಲಿ ಅವನ ಹಿಂದೆ ಭಾವ, ಭಾವನ ತಮ್ಮ, ಪಕ್ಕದ ಮನೆಯವ ಎಲ್ಲರೂ ಇಳಿದ ಹಾಗಾಯಿತು. ಹಾಗೆಂದು ಹೇಳಿಯೂಬಿಟ್ಟೆ.

ಡಾಕ್ಟರು ನಗಲಿಲ್ಲ. "ಸರಿಯಾಗೇ ಹೇಳಿದ್ರಿ. ನಾನು ಈ ಊರಿಗೆ ಬಂದಾಗ ಕಾಲು ಅಂತ ಬರ್ತಾ ಇದ್ದೋರು ಬೀಡಿ ಸೇದೋ ಮಿಲ್ಲಿನ ಹುಡುಗರು. ಕಾಲೊಂದು ನೋಡಿದ್ರೆ ಸಾಕಾಗ್ತಿತ್ತು. ಈಗೀಗ ಬರೋರೇ ಬೇರೆ. ಹೋಟೆಲಿನೋರು, ಆಫೀಸಿನೋರು, ಐವತ್ತು ದಾಟಿದೋರು. ಕಾಲುನೋವು ಒಂಟಿಯಾಗಿ ಬರೋದೇ ಕಮ್ಮಿ ಆಗಿದೆ. ಅದಕ್ಕೇ ನಾನು ಕಾಲು ಅಂದೋರ ಎದೇನೂ ನೋಡ್ತೀನಿ."

"ಕಾಲು ಉಳೀತದಾ?" ನಾನು ಕೇಳಬೇಕಾಗಿದ್ದುದು ಅದೊಂದೇ.

"ಬೆರಳು ಹೋಗುತ್ತೆ. ಕಾಲು ಉಳಿಸಬಹುದು, ನನಗೆ ಧೈರ್ಯ ಇದೆ. ಆದ್ರೆ ಸಕ್ಕರೆ ನಿಲ್ಲಬೇಕು, ಬೀಡಿ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ಮೊಣಕಾಲಿನ ಕೆಳಗೆ ತೆಗೀಬೇಕಾಗುತ್ತೆ. ಇದರಲ್ಲಿ ಚೌಕಾಸಿ ಇಲ್ಲ."

ಬೆರಳು ದೊಡ್ಡಾಸ್ಪತ್ರೆಯಲ್ಲಿ ಹೋಯಿತು. ದಿನವೂ ಸೂಜಿ ಬಂತು. ಗಾಯ ತನ್ನದೇ ಸಾವಧಾನದಲ್ಲಿ ಮಾಗಿತು. ಮನೆಯಲ್ಲಿ ಕೂತಿರುವಷ್ಟು ದಿನ ಇವರು ನಾನು ಹೇಳಿದ ಹಾಗೆ ಕೇಳಿದರು; ಡಬ್ಬಿಯಲ್ಲಿ ಸಕ್ಕರೆಯೇ ಇಲ್ಲದಿದ್ದರೆ ಕೇಳದೆ ಏನು ಮಾಡುತ್ತಾರೆ? ಬೀಡಿ ಇಲ್ಲದೆ ಮೂರು ದಿನ ಗೋಡೆ ನೋಡಿಕೊಂಡು ಕೂತರು, ಆಮೇಲೆ ಅದರ ಆಸೆಯನ್ನೂ ಬಿಟ್ಟರು. ಡಾಕ್ಟರು ಪಾದ ಒತ್ತಿ ನೋಡಿ, ಬಣ್ಣ ಚೆನ್ನಾಗಿದೆ, ಇನ್ನು ನಡೆಯಬಹುದು, ನೋವು ಬಂದಾಗ ನಿಂತು ಮತ್ತೆ ನಡೆಯಿರಿ ಎಂದರು. ನಡೆಯಬಹುದು ಎಂಬ ಮಾತು ಕೇಳಿದ್ದೇ ಇವರು ಚಾಪುಡಿಯ ಚೀಲಕ್ಕೆ ಕೈಹಾಕಿದರು. ನಾನು ಚೀಲದ ಇನ್ನೊಂದು ತುದಿ ಹಿಡಿದುಕೊಂಡೆ.

"ಹೋಟೆಲಿನಲ್ಲಿ ಸಕ್ಕರೆ ಬೇಡ ಅಂತ ಹೇಳ್ಬೇಕು," ಎಂದೆ.

"ಹೇಳಿದ್ರೆ ನನಗೆ ರೋಗ ಅಂತ ಗೊತ್ತಾಗ್ತದೆ. ರೋಗಿಯ ಕೈಯಿಂದ ಚಾಪುಡಿ ಯಾರು ತಗೊಳ್ತಾರೆ, ಹೇಳು?"

"ಕಾಲಿಲ್ಲದವರ ಕೈಯಿಂದ ಯಾರು ತಗೊಳ್ತಾರೆ?"

ಆ ಮಾತು ಚುಚ್ಚಿತು. ಚುಚ್ಚಲಿ ಎಂದೇ ಆಡಿದ್ದೆ. ಆಮೇಲೆ ನಾನೇ ಒಂದು ಉಪಾಯ ಹೇಳಿಕೊಟ್ಟೆ. ಎಲೆಯ ನಿಜವಾದ ಗುಣ ಗೊತ್ತಾಗಬೇಕಾದರೆ ಹಾಲು ಸಕ್ಕರೆ ಇರಬಾರದು, ದೊಡ್ಡ ದೊಡ್ಡ ಕಂಪನಿಯವರು ಹೀಗೆಯೇ ರುಚಿ ನೋಡುವುದು ಎಂದು ಹೇಳಬೇಕು. ಇವರಿಗೆ ಇದು ಹಿಡಿಸಿತು. ರೋಗ ಮುಚ್ಚಿಟ್ಟ ಹಾಗೂ ಆಯಿತು, ಗತ್ತೂ ಹೆಚ್ಚಾಯಿತು. ಆದರೂ ನನಗೆ ನಂಬಿಕೆ ಸಾಲಲಿಲ್ಲ. ಚೀಲ ನಾನು ಹೊರುತ್ತೇನೆಂದು ಜೊತೆಗೆ ಹೊರಟೆ.

ಮೊದಲು ಹೋದದ್ದು ಬಾಂದ್ರಾದ ಕೊರಗಣ್ಣನ ಹೋಟೆಲಿಗೆ. ಇವರ ಗಿರಾಕಿಗಳಲ್ಲೆಲ್ಲ ದೊಡ್ಡವನು ಅವನೇ. ಅವನು ಒಪ್ಪಿದರೆ ಉಳಿದವರೆಲ್ಲ ಒಪ್ಪುತ್ತಾರೆ, ಅವನು ಮೂಗು ಮುರಿದರೆ ಕಸುಬು ಮುಗಿಯಿತು. ದಾದರಿನಲ್ಲಿ ಗಾಡಿ ಬದಲಿಸಿ, ಸ್ಟೇಷನ್ನಿನ ಹೊರಗೆ ಒಮ್ಮೆ ನಿಂತು, ನಡೆದು ತಲುಪಿದೆವು. ನಿಂತಾಗ ಇವರು ಸಿನಿಮಾದ ಬೋರ್ಡು ನೋಡುವವರಂತೆ ನಟಿಸಿದ್ದನ್ನು ನಾನು ಗಮನಿಸದ ಹಾಗೆ ಇದ್ದೆ.

ಕೊರಗಣ್ಣ ಗಲ್ಲಾದ ಹಿಂದೆ ತುಂಬಿ ಕೂತಿದ್ದ. "ಬಾ ಪೂವಪ್ಪ. ಎಷ್ಟು ದಿನ ಆಯ್ತು ಮಾರಾಯ. ಶೀಲಕ್ಕ, ನೀವೂ ಕೂತುಕೊಳ್ಳಿ." ಹೊಸ ಪುಡಿಯನ್ನು ಒಳಗೆ ಕಳಿಸಿ ಚಾ ತರಿಸಿದ. ಲೋಟ ಬರುವ ಮೊದಲೇ ಇವರು ಕೈಯೆತ್ತಿ ತಡೆದರು.

"ನನಗೆ ಬರೇ ಕಪ್ಪು ಚಾ. ಎಲೆಯ ಗುಣ ನೋಡ್ಬೇಕಾದ್ರೆ ಸಕ್ಕರೆ ಅಡ್ಡ ಬರ್ತದೆ ಕೊರಗಣ್ಣ. ಇನ್ನು ನಾನು ಹೀಗೇ."

ಕೊರಗಣ್ಣ ಹುಬ್ಬೇರಿಸಿದರೂ ಕಪ್ಪು ಚಾ ತರಿಸಿಕೊಟ್ಟ. ಇವರು ದೊಡ್ಡ ಪರೀಕ್ಷಕರ ಹಾಗೆ ಮೂಗಿನ ಹತ್ತಿರ ಹಿಡಿದು, ಒಂದು ಗುಟುಕು ಎಳೆದರು. ಮುಖ ಹುಳ್ಳಗಾಯಿತು. ಇಷ್ಟು ವರ್ಷ ಮಾರಿದ ಪುಡಿಯನ್ನು ಇವರು ಸಕ್ಕರೆಯಿಲ್ಲದೆ ಒಮ್ಮೆಯೂ ಕುಡಿದಿರಲಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

"ಹೇಗುಂಟು ಎಲೆಯ ಗುಣ?" ಎಂದ ಕೊರಗಣ್ಣ.

ಇವರು ಸುಳ್ಳು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

"ಚೆಂದ ಇಲ್ಲ ಕೊರಗಣ್ಣ. ಗೋಣಿಯ ಪರಿಮಳ ಬರ್ತದೆ."

ಕೊರಗಣ್ಣನ ನಗೆಗೆ ಗಲ್ಲಾದ ಚಿಲ್ಲರೆ ಅಲುಗಿತು. "ನಿನಗೆ ಈಗ ಗೊತ್ತಾದದ್ದಾ? ನನಗೆ ಮೊದಲ ದಿನವೇ ಗೊತ್ತಿತ್ತು ಮಾರಾಯ. ಅಗ್ಗಕ್ಕೆ ಸಿಗ್ತದೆ ಅಂತ ತಗೊಳ್ಳುವುದು. ಮೇಲಿಂದ ಸಕ್ಕರೆ ಸುರಿದ್ರೆ ಯಾರಿಗೆ ಎಂತ ಗೊತ್ತಾಗ್ತದೆ?" ನಗುತ್ತಲೇ ತನ್ನ ಎದುರಿಗಿದ್ದ ಕೆನೆ ತೇಲುವ ಲೋಟವನ್ನು ಹುಡುಗನ ಕೈಯಲ್ಲಿ ಇವರ ಮೇಜಿಗೆ ಕಳಿಸಿದ. "ನಾಟಕ ಸಾಕು. ಇದನ್ನು ಕುಡಿ. ಕುಡಿದು ವ್ಯಾಪಾರ ಮಾತಾಡುವ."

ಲೋಟ ಇವರ ಕೈಗೆ ಸಿಗುವ ದೂರದಲ್ಲಿತ್ತು. ನಾನು ಬಾಯಿ ತೆರೆಯಬಹುದಿತ್ತು. ಚೀಲದ ಬಾಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತೆ. ನಾನು ಎಲ್ಲ ಹೋಟೆಲಿಗೂ ಹಿಂದೆ ಹಿಂದೆ ಬರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಇವರು ಲೋಟವನ್ನು ನೋಡಿದರು, ಕೊರಗಣ್ಣನನ್ನು ನೋಡಿದರು. ಆಮೇಲೆ ಬಗ್ಗಿ ಎಡಗಾಲಿನ ಕ್ಯಾನ್ವಾಸ್ ಶೂ ಬಿಚ್ಚತೊಡಗಿದರು. ಕಾಲುಚೀಲವನ್ನೂ ಕಳಚಿ, ಜನ ತಿಂಡಿ ತಿನ್ನುವ ಹೋಟೆಲಿನಲ್ಲಿ, ಬೆಂಚಿನ ಮೇಲೆ ಪಾದ ಇಟ್ಟರು.

"ನಾಟಕವೇ," ಎಂದರು. "ನನಗೆ ಸಕ್ಕರೆ ಕಾಯಿಲೆ. ಎದೆಯೂ ಸರಿ ಇಲ್ಲ. ಬೆರಳು ಹೋಗಿದೆ ನೋಡು. ನಿನ್ನ ಈ ಚಾ ಕುಡಿದ್ರೆ ಉಳಿದದ್ದೂ ಹೋಗ್ತದೆ. ನಾನು ಕುಡಿಯುವುದಿಲ್ಲ ಕೊರಗಣ್ಣ. ಪುಡಿ ಬೇಕಾದ್ರೆ ತಗೋ, ಬೇಡದಿದ್ರೆ ಬಿಡು. ಮುಂದಿನ ಸಲ ಒಳ್ಳೆಯ ಎಲೆ ತರ್ತೇನೆ. ಅದರ ಚಾವನ್ನೂ ಹೀಗೇ ಕುಡಿಯುವುದು."

ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮದುವೆಯಾದ ಇಷ್ಟು ವರ್ಷದಲ್ಲಿ ಈ ಮನುಷ್ಯನ ಮೇಲೆ ಇಷ್ಟು ಅಭಿಮಾನ ನನಗೆ ಯಾವತ್ತೂ ಬಂದಿರಲಿಲ್ಲ.

ಕೊರಗಣ್ಣ ಬೈಯುತ್ತಾನೆಂದುಕೊಂಡೆವು. ಅವನ ನಗೆ ಮಾತ್ರ ನಿಂತಿತ್ತು. ಗಲ್ಲಾ ಬಿಟ್ಟು ಎದ್ದು ಬಂದ. ಬರುವುದು ನಾಲ್ಕು ಮೇಜಿನಷ್ಟು ದೂರ, ಒಂದೊಂದು ಮೇಜಿಗೂ ಕೈ ಊರಿಕೊಂಡು ಬಂದ. ನಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಹೋದ ಬೆರಳಿನ ಜಾಗವನ್ನೇ ತುಂಬ ಹೊತ್ತು ನೋಡಿದ.

"ಪೂವಪ್ಪ," ಎಂದ, ಒಳಗಿನವರಿಗೆ ಕೇಳದಷ್ಟು ಮೆಲ್ಲಗೆ. "ನಿನಗೆ ಸುರುವಿಗೆ ಎಲ್ಲಿ ನೋಯ್ತಾ ಇತ್ತು?"

ಇವರು ತಮ್ಮ ಮೀನಖಂಡದ ಮೇಲೆ ಬೆರಳಿಟ್ಟು ತೋರಿಸಿದರು. ಕೊರಗಣ್ಣನ ಕೈ ಆಗಲೇ ತನ್ನ ಕಾಲಿನ ಅದೇ ಜಾಗವನ್ನು ಹಿಂಡುತ್ತಿತ್ತು.