ಹೊಳೆವ್ವನ ತೊಡೆಗೆ ಬಾಣ, ರಕ್ಷಿತಾಗೆ ಪಥ್ಯ

ಹೊಸೂರು ರಸ್ತೆಯ ಉದ್ದಕ್ಕೂ ಇರುವ ಆಸ್ಪತ್ರೆಗಳೆಲ್ಲ ಒಟ್ಟಾಗಿ ಉಳಿಸಿದ್ದಕ್ಕಿಂತ ಹೆಚ್ಚು ಜೀವಗಳನ್ನು ನಾನೊಬ್ಬನೇ, ಒಂದು ಊಟದ ಮೇಜಿನ ಮೇಲೆ, ಬರಿಗೈಯಲ್ಲಿ ಉಳಿಸಿದ್ದೇನೆ. ರುಂಡ ಬೇರೆ ಮುಂಡ ಬೇರೆಯಾಗಿ ಬಂದವರನ್ನೂ ಹೊಲಿದು ಕಳಿಸಿದ್ದೇನೆ. ಅವರಲ್ಲೊಬ್ಬ ಅವಸರ ಮಾಡಿ ತಲೆಯನ್ನು ಹಿಂದುಮುಂದಾಗಿ ಹೊಲಿಸಿಕೊಂಡು ಹೋದ. ಈಗ ಬೊಮ್ಮಸಂದ್ರದಲ್ಲಿ ಆಟೋ ಓಡಿಸುತ್ತಾನೆ. ರಿವರ್ಸ್ ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ಇಡೀ ಆನೇಕಲ್ ತಾಲ್ಲೂಕಿನಲ್ಲಿಲ್ಲ.

ನನ್ನ ಹೆಸರು ಹನುಮೇಶ. ಊರು ಮಾನ್ವಿ ಕಡೆ, ಬಾಡಿಗೆ ಕೋಣೆ ಹೆಬ್ಬಗೋಡಿಯಲ್ಲಿ, ಹೊಟ್ಟೆಪಾಡಿಗೆ ಎಸಿ ರಿಪೇರಿ. ನಾನು ಗ್ಯಾಸ್ ತುಂಬಿದ ಮನೆಯವರು ಏಪ್ರಿಲ್ ತಿಂಗಳಲ್ಲಿ ಕಂಬಳಿ ಕೊಳ್ಳುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಶಿವರಾಜ್ ಎಂಬ ಸಾಫ್ಟ್‌ವೇರ್ ಹುಡುಗನ ಫ್ಲ್ಯಾಟಿಗೂ ಅದಕ್ಕೇ ಹೋಗಿದ್ದೆ. ಅವನೂ ಅವನ ಆಫೀಸಿನ ರಕ್ಷಿತಾ ಎಂಬವಳೂ ಮೇಜಿನ ಮೇಲೆ ಯಾವುದೋ ದೇಶದ ನಕ್ಷೆ ಹರಡಿಕೊಂಡು, ಆಟಕ್ಕೆ ಒಬ್ಬ ಆಳು ಕಡಿಮೆಯಾಯಿತೆಂದು ಮುಖ ಜೋಲುಹಾಕಿ ಕೂತಿದ್ದರು. ಸ್ಕ್ರೂಡ್ರೈವರ್ ಕೆಳಗಿಟ್ಟು ಕೂತವನು ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಕೂರುತ್ತಲೇ ಇದ್ದೇನೆ. ಆ ಎಸಿ ಇನ್ನೂ ರಿಪೇರಿಯಾಗಿಲ್ಲ.

ಆಟ ಕಷ್ಟದ್ದೇನಲ್ಲ. ಶಿವರಾಜ್ ಒಂದು ಕಥೆ ನಡೆಸುತ್ತಾನೆ: ಕಾಡು, ಕೋಟೆ, ರಾಕ್ಷಸರು, ಸಂತೆ. ಉಳಿದವರು ಅದರೊಳಗೆ ಒಬ್ಬೊಬ್ಬರಾಗಿ ಬಾಳಬೇಕು. ಏನು ಮಾಡುತ್ತೀರೋ ಬಾಯಲ್ಲಿ ಹೇಳಿದರಾಯಿತು; ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ರಕ್ಷಿತಾ ಅಲ್ಲಿ ಹೊಳೆವ್ವ, ಕೊಡಲಿ ಹಿಡಿದ ಯೋಧೆ. ನಾನು ವೈದ್ಯ. ಬೇರೆ ಕಡೆ ಇಂಥ ಆಟಗಳಲ್ಲಿ ಪೂಜಾರಿಯೊಬ್ಬ ಕೈ ಎತ್ತಿದರೆ ಸಾಕು, ಹೊರಬಿದ್ದ ಕರುಳು ತಾನೇ ಮಡಚಿಕೊಂಡು ಒಳಗೆ ಹೋಗುತ್ತದಂತೆ. ಶಿವರಾಜನ ರಾಜ್ಯದಲ್ಲಿ ಮಂತ್ರವೂ ಇಲ್ಲ, ಮಾಯದ ಮದ್ದೂ ಇಲ್ಲ. ಗಾಯವನ್ನು ಹೇಗೆ ತೊಳೆದೆ, ಹೇಗೆ ಕಟ್ಟಿದೆ, ರೋಗಿಗೆ ಏನು ತಿನ್ನಿಸಿದೆ, ಎಲ್ಲವನ್ನೂ ಅಭಿನಯಿಸಿ ತೋರಿಸಬೇಕು. ಚೆನ್ನಾಗಿ ತೋರಿಸಿದಷ್ಟೂ ದಾಳದ ಮೇಲೆ ಅಂಕ ಸೇರುತ್ತದೆ. ಬಾಯಿ ಇದ್ದವನೇ ದೊಡ್ಡ ಡಾಕ್ಟರ್ ಆಗುವ ಇಂಥ ದೇಶ ನಾನು ಹುಟ್ಟುವ ಮೊದಲೇ ಇರಬೇಕಿತ್ತು.

ಆ ಭಾನುವಾರ ಹೊಳೆವ್ವನ ತೊಡೆಗೆ ಬಾಣ ನಾಟಿತು. ಬಾಣವೆಂದರೆ ಹೆಚ್ಚುಕಡಿಮೆ ಕರೆಂಟು ಕಂಬ. ಚಿಮ್ಮಿದ ರಕ್ತಕ್ಕೆ ವರ್ತೂರು ಕೆರೆಯ ನೊರೆ ಕೆಂಪಾಗದೆ ಉಳಿದದ್ದೇ ಪುಣ್ಯ. ಮೂರು ದಿನ ನಂಜಾಗದೆ ಉಳಿದರೆ ಬದುಕುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದ ಶಿವರಾಜ್. ರಕ್ಷಿತಾಳ ಮುಖದ ಬಣ್ಣ ಇಳಿಯಿತು. ಕಾಲೇಜು ಮುಗಿಸಿದಂದಿನಿಂದ ಅವಳು ಆ ಹೊಳೆವ್ವನನ್ನು ಸಾಕಿ ಬೆಳೆಸಿದ್ದಳು. ಕೆಲಸದಲ್ಲಿ ಮ್ಯಾನೇಜರ್ ಬೈದ ದಿನಗಳಲ್ಲಿ ಹೊಳೆವ್ವ ಅವಳ ಪರವಾಗಿ ಎಷ್ಟೋ ರಾಕ್ಷಸರ ತಲೆ ತೆಗೆದಿದ್ದಳು.

“ಇವಳು ಸತ್ರೆ ನಾನಿನ್ನು ಬರಲ್ಲ ಕಣೋ ಶಿವು,” ಎಂದಳು. “ಇನ್ನೊಬ್ಬಳನ್ನ ಮೊದಲಿಂದ ಬೆಳೆಸೋ ಶಕ್ತಿ ನಂಗಿಲ್ಲ.”

ನಾನಿರುವಾಗ ಸಾವು ಈ ಲಿಫ್ಟ್ ಹತ್ತುವುದಿಲ್ಲ ಎಂದು ಧೈರ್ಯ ಹೇಳಿದೆ. ಶಿವರಾಜ್ ನನ್ನನ್ನೇ ನೋಡುತ್ತ, ತುಟಿಯಂಚಿನಲ್ಲಿ ನಗುತ್ತ ಕೇಳಿದ:

“ಸರಿ ವೈದ್ಯರೇ. ಚೀಲದಿಂದ ಏನು ತೆಗೀತೀರಾ?”

ಚೀಲ ಗೀಲ ಎಲ್ಲ ಸಾಧಾರಣ ವೈದ್ಯರಿಗೆ, ನಮ್ಮ ವಂಶದಲ್ಲಿ ಚೀಲ ಮುಟ್ಟುವುದೇ ಅವಮಾನ ಎಂದು ಹೇಳಿ ಕೆಲಸಕ್ಕೆ ಇಳಿದೆ. ಸೋಫಾದ ದಿಂಬೇ ಹೊಳೆವ್ವನ ತೊಡೆ. ಬಾಣವನ್ನು ಹಲ್ಲಲ್ಲಿ ಕಚ್ಚಿ ಕಿತ್ತೆ. ಕಿತ್ತ ರಭಸಕ್ಕೆ ಅದು ನನ್ನ ಬಾಯಿಂದ ಹಾರಿ ಓಡಿಹೋಗುತ್ತಿದ್ದ ಶತ್ರುವನ್ನೇ ಕೊಂದಿತು. ಶಿವರಾಜ್ ಅದನ್ನು ಒಪ್ಪಲಿಲ್ಲ. ಗಾಯಕ್ಕೆ ಕಾಫಿಪುಡಿ ಒತ್ತಿದೆ; ಈ ರಾಜ್ಯಕ್ಕೆ ಕಾಫಿ ಇನ್ನೂ ಬಂದಿಲ್ಲ ಎಂದ. ಉಪ್ಪು ಹಾಕಿ ಕಾಯಿಸಿದ ನೀರಲ್ಲಿ ತೊಳೆದೆ, ಕಾಡಿನ ಅರಿಸಿನ ಅರೆದು ಮೆತ್ತಿದೆ, ಮೊಣಕಾಲೂರಿ ಬಿಗಿಯಾಗಿ ಕಟ್ಟಿದೆ. ದಿಂಬಿನ ಹತ್ತಿ ಹೊರಬಂತು.

ಶಿವರಾಜನ ತಾಯಿ ಮಹಾಂತಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು ರಕ್ತ, ನಂಜು ಎಂಬ ಮಾತು ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಅವರು ಗದಗಿನವರು. ಯಾರಿಗೆ ಏನಾಯಿತೆಂದು ಕೇಳಿದರು. ಆಟದಲ್ಲಿ ಹೊಳೆವ್ವನಿಗೆ ಬಾಣ ನಾಟಿದೆ ಎಂದು ಹೇಳಿ ಶಿವರಾಜ್ ರಕ್ಷಿತಾಳ ಕಡೆ ಬೆರಳು ತೋರಿಸಿದ. ಅನಾಹುತಕ್ಕೆಲ್ಲ ಆ ಬೆರಳೇ ಕಾರಣ. ಮಹಾಂತಮ್ಮ ಮೇಜಿನ ಮೇಲಿದ್ದ ಬದನೆಕಾಯಿ ಎಣ್ಣೆಗಾಯಿಯ ಪಾತ್ರೆಯನ್ನು ರಕ್ಷಿತಾಳ ಮುಂದಿನಿಂದ ಎತ್ತಿ ನನ್ನ ಮುಂದಿಟ್ಟರು.

“ಅಕಿಗೆ ಬದನಿಕಾಯಿ ಕೊಡಬ್ಯಾಡ್ರಿ. ನಂಜ ಏರತೈತಿ.”

ಮಹಾಂತಮ್ಮನ ಎಣ್ಣೆಗಾಯಿ ಎಂದರೆ ಸಾಮಾನ್ಯದ್ದಲ್ಲ. ಅದಕ್ಕೆ ಒಗ್ಗರಣೆ ಬಿದ್ದರೆ ಎಂಟು ಮಹಡಿ ಕೆಳಗೆ ಸೆಕ್ಯುರಿಟಿಯವರು ಗೇಟು ಬಿಟ್ಟು ಮೂಗು ಎತ್ತಿಕೊಂಡು ಬರುತ್ತಾರೆ. ರಕ್ಷಿತಾ ಭಾನುವಾರಗಳಲ್ಲಿ ಬೆಳಗಿನ ತಿಂಡಿ ಬಿಟ್ಟು ಬರುತ್ತಿದ್ದದ್ದು ಅದಕ್ಕೇ.

“ಆಂಟಿ, ಬಾಣ ಹತ್ತಿರೋದು ನಂಗಲ್ಲ, ಹೊಳೆವ್ವಂಗೆ.”

“ಅಕಿ ಮಾತಾಡೂದು ನಿನ್ನ ಬಾಯಿಲೆ,” ಎಂದರು ಮಹಾಂತಮ್ಮ. “ಉಣ್ಣೂದು ಮತ್ಯಾರ ಬಾಯಿಲೆ?”

ಶಿವರಾಜ್ ಆಟದ ನಿಯಮಗಳ ದಪ್ಪ ಪುಸ್ತಕ ತಿರುವಿಹಾಕಿದ. ಬೆಂಕಿಯಲ್ಲಿ ಬಿದ್ದರೆ ಏನು, ನೀರಲ್ಲಿ ಮುಳುಗಿದರೆ ಏನು ಎಂಬುದೆಲ್ಲ ಅದರಲ್ಲಿತ್ತು. ಇದಕ್ಕೆ ಉತ್ತರ ಇರಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ ತೀರ್ಪು ಕೊಟ್ಟ: ರಕ್ಷಿತಾ ಉಂಡದ್ದೇ ಹೊಳೆವ್ವ ಉಂಡದ್ದು. ಒಂದು ಊಟಕ್ಕೆ ಒಂದು ದಿನದ ಲೆಕ್ಕ. ಬದನೆಕಾಯಿ ಒಳಗೆ ಹೋದರೆ ಹೊಳೆವ್ವ ಹೋದಳು.

ಹೀಗೆ ರಕ್ಷಿತಾ ಅದೇ ಮಧ್ಯಾಹ್ನ ಮೂರು ದಿನ ಕಳೆಯಬೇಕಾಯಿತು. ಮೊದಲ ದಿನ ಅನ್ನ, ಸಪ್ಪೆ ಹೆಸರುಬೇಳೆ, ಮೇಲೆ ತುಪ್ಪ. ಎರಡನೆಯ ದಿನವೂ ಅದೇ. ಮುಂದಿದ್ದ ಎಣ್ಣೆಗಾಯಿ ರೋಗಿಯ ಕಣ್ಣಿಗೆ ಬಿದ್ದು ಮನಸ್ಸು ಕೆಡಬಾರದೆಂದು ಅದನ್ನು ನಿರ್ಮೂಲ ಮಾಡುವ ಹೊಣೆ ವೈದ್ಯನಾದ ನನ್ನ ಮೇಲೆ ಬಿತ್ತು. ಹೊಣೆ ಎಂದರೆ ಹೊಣೆ. ಹನ್ನೆರಡು ರೊಟ್ಟಿ ಜೊತೆಗೆ ಹೋದವು.

ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಶ್ಯಾಮಲಾ ಬ್ರೆಡ್ಡು, ಎಳನೀರು ಹಿಡಿದುಕೊಂಡು ನೋಡಲು ಬಂದರು. ಮಹಾಂತಮ್ಮ ಫೋನಿನಲ್ಲಿ ವಿಷಯ ತಿಳಿಸಿದ್ದರಂತೆ. ಈಗ ಹೇಗಿದೆ, ರಾತ್ರಿ ನಿದ್ದೆ ಬಂತಾ ಎಂದು ಮೆಲ್ಲಗೆ ವಿಚಾರಿಸಿದರು, ತಮ್ಮ ಮೈದುನ ಸ್ಕೂಟರಿನಿಂದ ಬಿದ್ದ ಕಥೆಯನ್ನು ಹೊಲಿಗೆ ಬಿಚ್ಚುವವರೆಗೂ ಹೇಳಿದರು, ಹೊಳೆವ್ವ ಯಾರೆಂದು ಕೇಳದೆಯೇ ಎದ್ದು ಹೋದರು. ರಕ್ಷಿತಾ ಆ ಹೊತ್ತಿಗೆ ಒಂದು ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡಿದ್ದಳು. ಕೈ ತೊಳೆಯಲು ಹೋದಾಗ ಕುಂಟುತ್ತಲೇ ಹೋದಳು.

ಮಹಾಂತಮ್ಮ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆಯಲು ನಿಂತಾಗ ಮಾತ್ರ ಶಿವರಾಜ್ ಅಡ್ಡ ಬಂದ. ಅದು ಮಂತ್ರದ ಲೆಕ್ಕಕ್ಕೆ ಬರುತ್ತದೆ ಎಂಬುದು ಅವನ ವಾದ. ಮನೆಯಲ್ಲಿ ಎಲ್ಲರೂ ಮಾಡುವುದು ಮಂತ್ರ ಹೇಗಾದೀತು ಎಂಬುದು ಅವರ ವಾದ. ದೃಷ್ಟಿ ತೆಗೆಯಬಹುದು, ಆದರೆ ಅದಕ್ಕೆ ಅಂಕವಿಲ್ಲ ಎಂದು ರಾಜಿಯಾಯಿತು. ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮಿದೆವು.

ಮೂರನೆಯ ಊಟ ಬಡಿಸುತ್ತ ಮಹಾಂತಮ್ಮ ನನ್ನತ್ತ ತಿರುಗಿದರು. ಕಟ್ಟು ಬದಲಿಸುವ ಹೊತ್ತಾಯಿತಲ್ಲ, ಯಾವ ಬಟ್ಟೆಯಲ್ಲಿ ಕಟ್ಟಿದ್ದೀ ಎಂದು ಸುಮ್ಮನೆ ಕೇಳಿದರು. ಹೊಳೆವ್ವನ ಸೆರಗನ್ನೇ ಹರಿದು ಕಟ್ಟಿದೆ ಎಂದೆ.

“ಸೆರಗು ಎಲ್ಲಿಂದ ಬಂತು?” ರಕ್ಷಿತಾ ಚಮಚ ಕೆಳಗಿಟ್ಟಳು. “ಅವಳು ಹಾಕ್ಕೊಳ್ಳೋದು ಚರ್ಮದ ಚಲ್ಲಣ.”

ಹಾಗಾದರೆ ನನ್ನ ಅಂಗಿ ಎಂದೆ. ಅಂಗಿ ಹೋದ ವಾರವೇ ಡ್ರ್ಯಾಗನ್ ಬೆಂಕಿಗೆ ಸುಟ್ಟುಹೋಗಿದೆ ಎಂದ ಶಿವರಾಜ್. ಬಾಳೆಲೆ ಎಂದೆ. ನಾವಿರುವುದು ಬಾಳೆ ಬೆಳೆಯದ ಕುರುಚಲು ಕಾಡಿನಲ್ಲಿ ಎಂದ.

“ಚೀಲದಲ್ಲಿ ಬಟ್ಟೆ ಇರುತ್ತಲ್ಲ,” ಎಂದಳು ರಕ್ಷಿತಾ. “ಹನುಮೇಶ, ಚೀಲ ಎಲ್ಲಿ?”

ಕೋತಿ ಎತ್ತಿಕೊಂಡು ಹೋಯಿತು ಎಂದೆ. ಕೋತಿಯನ್ನು ಹದ್ದು, ಹದ್ದನ್ನು ಇನ್ನೂ ದೊಡ್ಡ ಹದ್ದು ಎಂದು ಬೆಳೆಸುತ್ತಿದ್ದೆ. ರಕ್ಷಿತಾಳ ಕಣ್ಣಲ್ಲಿ ನೀರು ಬಂದಿತ್ತು. ಅದು ಮೆಣಸಿನಕಾಯಿಯ ಘಾಟಿನದ್ದಲ್ಲ. ಆ ಘಾಟು ಆಗಲೇ ಆರಿತ್ತು. ಮಹಾಂತಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟರು.

“ತಮ್ಮಾ, ಹುಡುಗಿ ಸಪ್ಪನ ಬ್ಯಾಳಿ ಉಂಡು ಕುಂತಾಳ. ಖರೇ ಹೇಳು.”

ಇಷ್ಟು ವರ್ಷ ಸುಳ್ಳು ನನ್ನನ್ನು ಎಂದೂ ಕೈಬಿಟ್ಟಿರಲಿಲ್ಲ. ಆ ಕೈ ಹೆಗಲ ಮೇಲಿದ್ದಾಗ ಒಂದೂ ಬಾಯಿಗೆ ಬರಲಿಲ್ಲ.

“ಚೀಲ ಮಾರಿಬಿಟ್ಟೆ, ಮೇಡಂ,” ಎಂದೆ ರಕ್ಷಿತಾಳಿಗೆ.

ರಕ್ಷಿತಾ ಆಟಕ್ಕೆ ರಜೆ ಹಾಕಿದ್ದ ಒಂದು ಭಾನುವಾರ, ಕಥೆಯೊಳಗಿನ ಸಂತೆಯಲ್ಲಿ, ಬಟ್ಟೆ, ಸೂಜಿ, ಬೇರುಗಳ ಸಮೇತ ಚೀಲ ಮಾರಿ ತಲೆಗೆ ಸುತ್ತುವ ಒಂದು ರುಮಾಲು ಕೊಂಡಿದ್ದೆ. ಕೆಂಪು ರೇಷ್ಮೆ, ಜರಿ ಅಂಚು, ಮೇಲೊಂದು ನವಿಲುಗರಿ. ಯಾವ ಊರಿಗೆ ಹೋದರೂ ಜನ ಹೊಳೆವ್ವನ ಕೊಡಲಿ ನೋಡುತ್ತಿದ್ದರೇ ಹೊರತು ವೈದ್ಯನ ಕಡೆ ಒಬ್ಬನೂ ತಿರುಗುತ್ತಿರಲಿಲ್ಲ. ಶಿವರಾಜನಿಗೆ ಎಲ್ಲ ಗೊತ್ತಿತ್ತು. ಆದರೆ ಕಥೆ ನಡೆಸುವವನು ಆಟಗಾರನ ಗುಟ್ಟು ಬಿಡುವಂತಿಲ್ಲ. ಅದಕ್ಕೇ ಅವನ ತುಟಿಯಂಚಿನಲ್ಲಿ ಆ ನಗು.

“ರುಮಾಲು ಹರಿ,” ಎಂದಳು ರಕ್ಷಿತಾ.

“ಅರ್ಧ ಸಾಲಲ್ವಾ ಮೇಡಂ?”

“ಪೂರ್ತಿ.”

ಹರಿದೆ. ಅಭಿನಯಿಸಿಯೇ ಹರಿದೆ, ಜರಿ ಅಂಚಿನ ಸಮೇತ ದಿಂಬಿಗೆ ಸುತ್ತಿದೆ. ಇದುವರೆಗೆ ಗಾಯ ಕಟ್ಟಿಲ್ಲದೆ ಬಾಯ್ತೆರೆದುಕೊಂಡೇ ಇತ್ತೆಂದೂ, ನಂಜಾಗದೆ ಉಳಿದದ್ದು ಪಥ್ಯದಿಂದ ಮಾತ್ರವೆಂದೂ ಹೇಳಿ ಶಿವರಾಜ್ ದಾಳವನ್ನು ರಕ್ಷಿತಾಳ ಕೈಗೆ ಕೊಟ್ಟ. ನನ್ನ ಅಭಿನಯಕ್ಕೆ ಸೊನ್ನೆ, ಮಹಾಂತಮ್ಮನ ಹೆಸರುಬೇಳೆಗೆ ಐದು ಅಂಕ. ರಕ್ಷಿತಾ ಕಣ್ಣು ಮುಚ್ಚಿ ದಾಳ ಉರುಳಿಸಿದಳು. ಒಂಬತ್ತು ಬಿತ್ತು. ಐದು ಸೇರಿ ಹದಿನಾಲ್ಕು, ಬೇಕಿದ್ದದ್ದೂ ಅಷ್ಟೇ. ಹೊಳೆವ್ವ ಉಳಿದಳು.

ರಕ್ಷಿತಾ ಉಸಿರು ಬಿಟ್ಟು, ಚಾಚಿದ್ದ ಕಾಲನ್ನು ಕುರ್ಚಿಯಿಂದ ಇಳಿಸಿ, ನನ್ನ ಕಡೆ ಪೂರ್ತಿ ತಿರುಗಿದಳು.

“ಹಿಂದಿನ ಯುದ್ಧಗಳಲ್ಲಿ ಸಾವಿರಾರು ಸೈನಿಕರಿಗೆ ಕಟ್ಟು ಹಾಕ್ದೆ, ರುಂಡ ಹೊಲಿದೆ ಅಂತಿದ್ಯಲ್ಲ. ಅದೂ ಹಿಂಗೇನಾ? ನಿಜವಾಗ್ಲೂ ಎಷ್ಟು ಜನರನ್ನ ಉಳಿಸಿದ್ದೀಯ?”

ಶಿವರಾಜನತ್ತ ನೋಡಿದೆ. ಅವನು ನಕ್ಷೆ ಮಡಚುತ್ತಿದ್ದ. ಮಹಾಂತಮ್ಮ ಸೌಟು ಹಿಡಿದು ನಿಂತಿದ್ದರು.

“ಯಾರನ್ನೂ ಇಲ್ಲ, ಮೇಡಂ,” ಎಂದೆ. “ಯುದ್ಧ ಶುರುವಾದ ಕೂಡ್ಲೆ ನನ್ನ ವೈದ್ಯ ಮರ ಹತ್ತಿ ಕೂತ್ಕೊಳ್ತಾನೆ. ಎಲ್ಲ ಮುಗಿದ ಮೇಲೆ ಇಳೀತಾನೆ.”